ಕುಂಡದ ಗಿಡಕ್ಕೆ ಕತ್ತರಿ: ಯಾವಾಗ, ಎಲ್ಲಿ, ಎಷ್ಟು?

ಹಾಲ್‌ನ ಮೂಲೆಯ ರಬ್ಬರ್ ಗಿಡ ಸೂರು ಮುಟ್ಟುವಂತಿದೆ, ಬುಡದಲ್ಲಿ ಒಂದೆಲೆಯೂ ಇಲ್ಲ. ಮನಿಪ್ಲಾಂಟ್ ಕಿಟಕಿಯ ಸರಳಿಗೆಲ್ಲ ಹಬ್ಬಿದೆ, ಕುಂಡ ಮಾತ್ರ ಬೋಳು. ಕ್ರೋಟನ್ ಕವಲೇ ಒಡೆಯದೆ ಒಂಟಿ ಕಡ್ಡಿಯಾಗಿ ನಿಂತಿದೆ. ಡ್ರೆಸಿನಾದ ಎಲೆಗಳ ತುದಿಯೆಲ್ಲ ಕಂದು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ತೊಂದರೆಗಳಿವು. ಮೊದಲ ಮೂರಕ್ಕೆ ಕತ್ತರಿಯೇ ಮದ್ದು. ನಾಲ್ಕನೆಯದಕ್ಕೆ ಕತ್ತರಿಯಿಂದ ಪ್ರಯೋಜನವಿಲ್ಲ, ಅದು ನೀರಿನ ದೋಷ. ಯಾವುದು ಯಾವುದೆಂದು ತಿಳಿದ ಮೇಲೆಯೇ ಕತ್ತರಿ ಕೈಗೆತ್ತಿಕೊಳ್ಳಬೇಕು.

ಸವರಿದರೆ ಏನಾಗುತ್ತದೆ?

ಗಿಡದ ತುದಿಕುಡಿಯಲ್ಲಿ ಆಕ್ಸಿನ್ ಎಂಬ ಹಾರ್ಮೋನ್ ತಯಾರಾಗಿ ಕೆಳಗಿಳಿಯುತ್ತದೆ. ಕೆಳಗಿನ ಗಿಣ್ಣುಗಳಲ್ಲಿರುವ ಮೊಗ್ಗುಗಳು ಚಿಗುರದಂತೆ ತಡೆಯುವುದು ಇದೇ. ಕುಡಿ ತೆಗೆದರೆ ಆ ತಡೆ ಹೋಗುತ್ತದೆ. ಕತ್ತರಿಸಿದ ಜಾಗದ ಕೆಳಗೆ ಒಂದೆರಡು ಕಡೆ ಹೊಸ ಚಿಗುರೊಡೆದು ಗಿಡ ಪೊದೆಯಾಗುತ್ತದೆ.

ಹಿರಿಯೂರು, ಹೊಸದುರ್ಗದ ದಾಳಿಂಬೆ ಬೆಳೆಗಾರರಿಗೆ ಚಾಟನಿ ಹೊಸದಲ್ಲ. ಆದರೆ ಅವರು ಸವರುವುದು ಹೂವು, ಕಾಯಿಗಾಗಿ. ಅದಕ್ಕಾಗಿ ನೀರು ನಿಲ್ಲಿಸಿ ಗಿಡವನ್ನು ಬಾಡಿಸುತ್ತಾರೆ. ಎಲೆಗಾಗಿ ಬೆಳೆಸುವ ಕುಂಡದ ಗಿಡಕ್ಕೆ ಈ ಕ್ರಮ ಸಲ್ಲದು. ಇದನ್ನು ಬಾಡಿಸದೆ, ಹಿಂದಿನ ದಿನ ನೀರುಣಿಸಿಯೇ ಸವರಬೇಕು.

ಯಾವ ಕಾಲ ಒಳ್ಳೆಯದು?

ರಬ್ಬರ್ ಗಿಡದ ತವರು ಈಶಾನ್ಯ ಭಾರತ ಮತ್ತು ಅದರಾಚೆಯ ಕಾಡು. ಕ್ರೋಟನ್ ಇಂಡೊನೇಷ್ಯಾ ಕಡೆಯ ದ್ವೀಪಗಳದ್ದು, ಡೈಫೆನ್‌ಬೇಕಿಯಾ ಅಮೆರಿಕದ ಉಷ್ಣವಲಯದ್ದು. ಗಾಳಿಯಲ್ಲಿ ತೇವವಿದ್ದರೆ ಇವು ಬೇಗ ಚಿಗುರುತ್ತವೆ. ನಮ್ಮದು ಮಳೆನೆರಳಿನ ಬಯಲುಸೀಮೆ. ಫೆಬ್ರುವರಿಯಿಂದ ಮೇ ಮಧ್ಯದವರೆಗಿನ ಒಣಬಿಸಿಲಿನಲ್ಲಿ ಸವರಿದರೆ ತುದಿ ಒಣಗುತ್ತಾ ಕೆಳಗಿಳಿಯುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಚಿಗುರು ನಿಧಾನ.

ಹೊಳಲ್ಕೆರೆ ಕಡೆ ಮುಂಗಾರು ತುಸು ಚೆನ್ನಾಗಿರುವುದರಿಂದ ಮೃಗಶಿರ ಮಳೆ ಬಿದ್ದ ಮೇಲೆ, ಜೂನ್‌ನಲ್ಲಿ ಶುರು ಮಾಡಬಹುದು. ಚಿತ್ರದುರ್ಗ, ಹಿರಿಯೂರಿನಲ್ಲಿ ಜೂನ್, ಜುಲೈ ಎಂದರೆ ಮಳೆಗಿಂತ ಗಾಳಿಯೇ ಹೆಚ್ಚು. ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿರುವುದೂ ಅದಕ್ಕೇ. ಬಾಲ್ಕನಿ, ವರಾಂಡದ ಗಿಡವನ್ನು ಆಗ ಸವರುವುದಾದರೆ ಗಾಳಿ ಬಡಿಯದ ಕಡೆಗೆ ಸರಿಸಿಕೊಳ್ಳಿ. ಈ ಭಾಗಕ್ಕೆ ಹದವಾದ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಉತ್ತರೆ ಮಳೆಯ ಹೊತ್ತಿಗೆ ಸವರಿದರೆ ಚಳಿಗೆ ಮುನ್ನ ಚಿಗುರು ಬಲಿಯುತ್ತದೆ.

ಒಣಗಿದ, ಕೊಳೆತ, ರೋಗ ತಗುಲಿದ ಎಲೆ–ಕೊಂಬೆಗಳನ್ನು ತೆಗೆಯಲು ಕಾಲ ನೋಡಬೇಕಿಲ್ಲ.

ಹಂತ ಹಂತವಾಗಿ

1. ಸಲಕರಣೆ: ಹರಿತವಾದ ಚಾಟನಿ ಕತ್ತರಿ ಸಾಕು, ಎಳೆ ಕುಡಿಗೆ ಬ್ಲೇಡ್ ಆದರೂ ನಡೆಯುತ್ತದೆ. ಮೊಂಡು ಕತ್ತರಿ ದಂಟನ್ನು ಜಜ್ಜುತ್ತದೆ, ಜಜ್ಜಿದ ಕಡೆ ಕೊಳೆ ಸೇರುತ್ತದೆ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಅಲಗನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಒರೆಸಿ.

2. ಪರೀಕ್ಷೆ: ಕುಂಡವನ್ನು ಒಂದು ಸುತ್ತು ತಿರುಗಿಸಿ ನೋಡಿ. ಎಲೆಯಡಿ ಬಿಳಿ ಹಿಟ್ಟು ತಿಗಣೆ, ಸಣ್ಣ ಬಲೆ ಹೆಣೆದ ಕೆಂಪು ನುಸಿ ಇವೆಯೇ ಗಮನಿಸಿ. ಒಣಹವೆಯಲ್ಲಿ ಕ್ರೋಟನ್‌ಗೆ ನುಸಿ ಬೇಗ ಹತ್ತುತ್ತದೆ. ಹೆಚ್ಚು ಕೀಟವಿರುವ ಕೊಂಬೆಯನ್ನು ಮೊದಲು ತೆಗೆಯಿರಿ.

3. ಗಿಣ್ಣು ಹುಡುಕುವುದು: ರಬ್ಬರ್ ಗಿಡದ ದಂಟನ್ನು ಹತ್ತಿರದಿಂದ ನೋಡಿದರೆ, ಎಲೆ ಉದುರಿದ ಕಡೆಯಲ್ಲೆಲ್ಲ ಉಂಗುರ ತೊಡಿಸಿದಂಥ ಗೆರೆ ಕಾಣುತ್ತದೆ. ಅದರ ಪಕ್ಕದಲ್ಲೇ ಸಾಸಿವೆಯಷ್ಟು ಉಬ್ಬು. ಹೊಸ ಕೊಂಬೆ ಹೊರಡುವುದು ಅಲ್ಲಿಂದಲೇ. ಎಷ್ಟು ಎತ್ತರದಲ್ಲಿ ಕವಲು ಬೇಕೋ ಅಲ್ಲಿನ ಗಿಣ್ಣಿಗೆ ಗುರುತು ಹಾಕಿಕೊಳ್ಳಿ.

4. ಕತ್ತರಿಸುವುದು: ಗಿಣ್ಣಿನಿಂದ ಅರ್ಧ ಸೆಂಟಿಮೀಟರ್ ಮೇಲೆ, ತುಸು ಓರೆಯಾಗಿ, ಒಂದೇ ಏಟಿಗೆ ಕತ್ತರಿಸಿ. ಗಿಣ್ಣಿಗೆ ತಾಗಿಸಿದರೆ ಮೊಗ್ಗು ಸಾಯುತ್ತದೆ. ಉದ್ದ ಬಿಟ್ಟರೆ ಆ ತುಂಡು ಒಣಗಿ ಕೊಳೆಯುತ್ತದೆ.

5. ಪ್ರಮಾಣ: ಒಂದು ಸಲಕ್ಕೆ ಗಿಡದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಬಹಳ ಬೆಳೆದುಬಿಟ್ಟಿದ್ದರೆ ಈ ಮಳೆಗಾಲಕ್ಕಿಷ್ಟು, ಮುಂದಿನದಕ್ಕಿಷ್ಟು ಎಂದು ಪಾಲು ಮಾಡಿಕೊಳ್ಳಿ.

6. ಆರೈಕೆ: ಎಲೆ ಕಡಿಮೆಯಾದ ಮೇಲೆ ಗಿಡ ಕುಡಿಯುವ ನೀರೂ ಕಡಿಮೆ. ಮೇಲ್ಮಣ್ಣು ಬೆರಳಿನ ಒಂದು ಗೆಣ್ಣಿನಷ್ಟು ಒಣಗಿದ ಮೇಲಷ್ಟೇ ನೀರು ಹಾಕಿ. ನೇರ ಬಿಸಿಲು ಬೇಡ, ಒಳ್ಳೆಯ ಬೆಳಕು ಬೇಕು. ಹೊಸ ಎಲೆ ಬಿಚ್ಚುವವರೆಗೆ ಗೊಬ್ಬರ ಕೊಡಬೇಡಿ.

ಗಿಡಕ್ಕೊಂದು ಕ್ರಮ

ಮನಿಪ್ಲಾಂಟ್: ಉದ್ದ ಬಳ್ಳಿಯನ್ನು ಕತ್ತರಿಸಿ, ಒಂದೆರಡು ಗಿಣ್ಣುಗಳ ತುಂಡು ಮಾಡಿ ಅದೇ ಕುಂಡದ ಬೋಳು ಜಾಗದಲ್ಲಿ ನೆಡಿ. ಹಳದಿ ಮಚ್ಚೆಯ ಬಳ್ಳಿಯಲ್ಲಿ ಪೂರ್ತಿ ಹಸಿರು ಕುಡಿ ಬಂದರೆ, ಮಚ್ಚೆಯಿರುವ ಗಿಣ್ಣಿನವರೆಗೆ ಹಿಂದಕ್ಕೆ ಕತ್ತರಿಸಿ.

ಕ್ರೋಟನ್: ಚಿಕ್ಕದಿರುವಾಗಲೇ ಕುಡಿ ಚಿವುಟಿ, ಪೊದೆ ಕಟ್ಟುತ್ತದೆ.

ಡೈಫೆನ್‌ಬೇಕಿಯಾ, ಡ್ರೆಸಿನಾ: ಬೋಳಾದ ದಂಟನ್ನು ಬೇಕಾದ ಎತ್ತರಕ್ಕೆ ಕತ್ತರಿಸಿದರೆ ಕೆಳಗಿನಿಂದ ಚಿಗುರುತ್ತವೆ. ಮೇಲಿನ ತುಂಡನ್ನೂ ನೆಡಬಹುದು.

ಅರೆಕಾ ಪಾಮ್: ಇದರ ತುದಿಗೆ ಕತ್ತರಿ ಹಾಕಲೇಬಾರದು. ಸುಳಿ ಹೋದರೆ ಅಡಿಕೆ ಮರ ಉಳಿಯುವುದಿಲ್ಲವೆಂದು ಹೊಳಲ್ಕೆರೆಯ ತೋಟದವರಿಗೆ ಹೇಳಿಕೊಡಬೇಕಿಲ್ಲ. ಕುಂಡದ ಪಾಮ್‌ಗೂ ಅದೇ ಮಾತು. ಸುಳಿ ಕತ್ತರಿಸಿದ ಕಾಂಡ ಮತ್ತೆ ಬೆಳೆಯದು. ಪೂರ್ತಿ ಒಣಗಿದ ಗರಿಯನ್ನಷ್ಟೇ ಬುಡದಲ್ಲಿ ತೆಗೆಯಿರಿ.

ಹಾಲು, ತುರಿಕೆ ಜೋಕೆ

ರಬ್ಬರ್ ಗಿಡ ಆಲ, ಅತ್ತಿಗಳ ಬಳಗದ್ದು, ಕತ್ತರಿಸಿದೊಡನೆ ಹಾಲು ಸುರಿಯುತ್ತದೆ. ಕೆಳಗೆ ಹಳೆ ಪೇಪರ್ ಹಾಸಿ, ಒದ್ದೆ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಡೈಫೆನ್‌ಬೇಕಿಯಾ, ಮನಿಪ್ಲಾಂಟ್ ಎರಡೂ ಕೆಸು, ಸುವರ್ಣಗೆಡ್ಡೆಯ ಕುಟುಂಬದವು. ಹೆಚ್ಚುವಾಗ ಕೈ ತುರಿಸುವುದಕ್ಕೆ ಕಾರಣವಾದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಇವುಗಳಲ್ಲೂ ಇವೆ. ಕೈಗವಸು ಹಾಕಿಕೊಳ್ಳಿ, ಕಣ್ಣು ಮುಟ್ಟಬೇಡಿ. ತುಂಡುಗಳು ಮಕ್ಕಳ ಕೈಗೆ, ನಾಯಿ, ಬೆಕ್ಕು, ದನದ ಬಾಯಿಗೆ ಸಿಗಬಾರದು. ಡೈಫೆನ್‌ಬೇಕಿಯಾ ಅಗಿದರೆ ನಾಲಗೆ, ಗಂಟಲು ಊದಿಕೊಳ್ಳುತ್ತವೆ. ಹಾಗಾದರೆ ತಡಮಾಡದೆ ವೈದ್ಯರ ಬಳಿ ಹೋಗಿ.

ಕಂದು ತುದಿಗೆ ನೀರು ಬದಲಿಸಿ

ಜಿಲ್ಲೆಯ ಹಲವು ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಡ್ರೆಸಿನಾ, ಸ್ಪೈಡರ್ ಪ್ಲಾಂಟ್‌ಗಳಿಗೆ ಇದು ಆಗಿಬರುವುದಿಲ್ಲ. ಬೇರು ಹೀರಿದ ಫ್ಲೋರೈಡ್ ಎಲೆಯ ತುದಿಯಲ್ಲಿ ಶೇಖರವಾಗಿ ಅಲ್ಲಿನ ಜೀವಕೋಶಗಳು ಸಾಯುತ್ತವೆ. ತುದಿ ಎಷ್ಟು ಕತ್ತರಿಸಿದರೂ ಅದೇ ನೀರು ಹಾಕಿದರೆ ಮತ್ತೆ ಕಂದಾಗುತ್ತದೆ. ಈ ಗಿಡಗಳಿಗೆ ಮಳೆನೀರು ಹಿಡಿದಿಟ್ಟು ಹಾಕಿ. ಆರ್‌ಒ ಯಂತ್ರದಿಂದ ಹೊರಬೀಳುವ ವೇಸ್ಟ್ ನೀರಿನಲ್ಲಿ ಲವಣ, ಫ್ಲೋರೈಡ್ ಇನ್ನೂ ಗಟ್ಟಿಯಾಗಿರುತ್ತವೆ, ಅದು ಬೇಡವೇ ಬೇಡ. ಸೂಪರ್ ಫಾಸ್ಫೇಟ್ ಗೊಬ್ಬರದಲ್ಲೂ ಫ್ಲೋರೈಡ್ ಇರುವುದರಿಂದ ಅದನ್ನೂ ದೂರವಿಡಿ.

ಅಂದಕ್ಕಾಗಿ ತುದಿ ತೆಗೆಯುವುದಾದರೆ ಎಲೆಯ ಆಕಾರಕ್ಕೇ ಕತ್ತರಿಸಿ, ಕೂದಲೆಳೆಯಷ್ಟು ಕಂದು ಅಂಚನ್ನು ಹಾಗೇ ಬಿಡಿ. ಹಸಿರಿಗೆ ಕತ್ತರಿ ತಾಗಿದರೆ ಅಲ್ಲಿಂದ ಮತ್ತೆ ಒಣಗತೊಡಗುತ್ತದೆ.

ಚಿಗುರು ಬಂದ ಮೇಲೆ

ಮಳೆಗಾಲದಲ್ಲಿ ಸವರಿದ ಗಿಡ ಸಾಮಾನ್ಯವಾಗಿ ಮೂರ್ನಾಲ್ಕು ವಾರಗಳಲ್ಲಿ ಮೊಗ್ಗೊಡೆಯುತ್ತದೆ. ಹೊಸ ಎಲೆಗಳು ಒತ್ತಾಗಿ, ಅಗಲವಾಗಿ ಬಂದರೆ ಎಲ್ಲ ಸರಿಯಿದೆ ಎಂದರ್ಥ. ಗಿಣ್ಣು–ಗಿಣ್ಣಿನ ನಡುವೆ ಅಂತರ ಉದ್ದವಾಗಿ, ಎಲೆ ಸಣ್ಣಗೆ ಬಂದರೆ ಬೆಳಕು ಸಾಲುತ್ತಿಲ್ಲ. ಆಗ ಮತ್ತೆ ಕತ್ತರಿ ಹಿಡಿಯಬೇಡಿ. ಕುಂಡವನ್ನು ಕಿಟಕಿಯ ಹತ್ತಿರಕ್ಕೆ ಸರಿಸಿ, ವಾರಕ್ಕೊಮ್ಮೆ ಕಾಲು ಸುತ್ತು ತಿರುಗಿಸಿ.