ಹರಟೆಮಲ್ಲಗಳು ಕಲಿಸಿದ ಆರು ಪಾಠಗಳು

ಮೈಸೂರಿನ ಹತ್ತಿರದ ನಮ್ಮ ತೋಟದಲ್ಲಿ ಕಾಡುಹರಟೆಮಲ್ಲಗಳ ಒಂದು ಗುಂಪಿದೆ. ಮಾಸಲು ಕಂದು ಮೈ, ಹಳದಿ ಕೊಕ್ಕು, ಬಿಳಿಗಣ್ಣು. ಏಳೆಂಟು ಹಕ್ಕಿಗಳು ಒಟ್ಟಿಗೇ ಕುಪ್ಪಳಿಸುತ್ತ, ತರಗೆಲೆ ಕೆದಕುತ್ತ, ದಿನವಿಡೀ ಗಲಾಟೆ ಮಾಡುತ್ತವೆ. ಹಲವು ವರ್ಷ ಇವುಗಳ ಬೆನ್ನು ಹತ್ತಿ ಕಲಿತದ್ದನ್ನು, ಹಕ್ಕಿಗಳ ಬುದ್ಧಿ ಮತ್ತು ಕೂಡುಬಾಳನ್ನು ಅರಿಯಬಯಸುವ ಹೊಸಬರಿಗಾಗಿ ಬರೆಯುತ್ತಿದ್ದೇನೆ.

1. ಯಾರು ಯಾರೆಂದು ಮೊದಲು ತಿಳಿಯಿರಿ
ಮೊದಲ ವರ್ಷದ ನನ್ನ ನೋಟ್‌ಬುಕ್ ತುಂಬ ‘ಒಂದು ಹಕ್ಕಿ ಇನ್ನೊಂದರ ಗರಿ ನೀವಿತು’ ಎಂಬಂಥ ಸಾಲುಗಳೇ. ಯಾವುದು ಯಾವುದರ ಗರಿ ನೀವಿತು ಎಂದು ಗೊತ್ತಿಲ್ಲದ ಮೇಲೆ ಆ ಸಾಲುಗಳಿಂದ ಏನೂ ಹೊರಡದು. ಸಂಶೋಧಕರು ಕಾಲಿಗೆ ಬಣ್ಣದ ಉಂಗುರ ತೊಡಿಸುತ್ತಾರೆ. ಅದಕ್ಕೆ ತರಬೇತಿಯೂ ಅರಣ್ಯ ಇಲಾಖೆಯ ಅನುಮತಿಯೂ ಬೇಕು. ನಾನು ಕುಂಟುಗಾಲು, ಮುರಿದ ಬಾಲದಂಥ ಗುರುತು ಹಿಡಿದೆ. ಗರಿ ಉದುರಿ ಹೊಸದು ಬಂದಾಗ ಗುರುತೂ ಹೋಗುತ್ತದೆ, ನೆನಪಿರಲಿ.

2. ಗಡಿಯಾರ ನೋಡಿ ಬರೆಯಿರಿ
ಜಗಳ, ಕಿರುಚಾಟ ತಾವಾಗಿ ಕಣ್ಣು ಸೆಳೆಯುತ್ತವೆ. ಕಂಡದ್ದನ್ನಷ್ಟೇ ಬರೆದರೆ ಹಕ್ಕಿಗಳು ಸದಾ ಜಗಳಗಂಟಿಗಳೆಂದೇ ತೋರುತ್ತದೆ. ಕೀನ್ಯಾದ ಬಬೂನ್‌ಗಳನ್ನು ಅಧ್ಯಯನ ಮಾಡಿದ ಜೀನ್ ಆಲ್ಟ್‌ಮನ್ 1974ರಲ್ಲಿ ವಿವರಿಸಿದ ಒಂದು ಕ್ರಮ ನನಗೆ ದಾರಿಯಾಯಿತು: ಒಂದು ಜೀವವನ್ನು ಆರಿಸಿ, ಗೊತ್ತುಮಾಡಿದ ಹೊತ್ತು ಅದೊಂದನ್ನೇ ನೋಡಿ, ಎಲ್ಲವನ್ನೂ ದಾಖಲಿಸುವುದು. ನಾನು ಒಂದೊಂದು ಹಕ್ಕಿಗೆ ಹತ್ತು ನಿಮಿಷ ಕೊಡುತ್ತೇನೆ.

3. ಸುಮ್ಮನೆ ಕೂತ ಹಕ್ಕಿಯನ್ನು ಬಿಡಬೇಡಿ
ಒಂದು ಬೆಳಿಗ್ಗೆ ಕುಂಟುಗಾಲಿನ ಹಕ್ಕಿ ಒಣಗಿದ ನುಗ್ಗೆ ಕೊಂಬೆಯ ತುದಿಯಲ್ಲಿ ಕೂತಿತ್ತು. ಕೆಳಗೆ ಏಳು ಹಕ್ಕಿಗಳು ತರಗೆಲೆ ತಿರುವುತ್ತಿದ್ದವು. ಅದು ಕತ್ತು ಹೊರಳಿಸಿ, ಚುರುಕಾಗಿ ಒಂದು ಕೂಗು ಹಾಕಿತು. ಏಳೂ ಲಂಟಾನ ಪೊದೆಯೊಳಗೆ! ಮರುಗಳಿಗೆಯಲ್ಲೇ ಬಿಜ್ಜು ಎಂಬ ಬೇಟೆಹಕ್ಕಿಯೊಂದು ಪೊದೆಯ ನೆತ್ತಿ ಸವರಿ ಹೋಯಿತು. ಐದು ನಿಮಿಷ ಸದ್ದಿಲ್ಲ. ಆಮೇಲೆ ಇನ್ನೊಂದು ಹಕ್ಕಿ ಅದೇ ಕೊಂಬೆಗೇರಿತು, ಕುಂಟುಗಾಲಿನದು ಇಳಿದು ಮೇಯತೊಡಗಿತು. ಹತ್ತು ನಿಮಿಷದ ಶಿಸ್ತು ಇಲ್ಲದಿದ್ದರೆ ಈ ಕಾವಲಿನ ಸರದಿ ನನಗೆ ಕಾಣುತ್ತಲೇ ಇರಲಿಲ್ಲ.

4. ‘ಜಾಣ’, ‘ದಡ್ಡ’ ಎನ್ನಲು ಅವಸರ ಬೇಡ
ಒಂದು ಜೋಡಿಯ ಮರಿಗಳಿಗೆ ಗುಂಪಿನ ಉಳಿದ ಹಕ್ಕಿಗಳೂ ಹುಳ ತಂದುಣಿಸುತ್ತವೆ. ನೋಡಿದರೆ ಮನಸ್ಸು ತುಂಬುತ್ತದೆ. ಇವೇ ಹಕ್ಕಿಗಳು ಚಾತಕದ ಮರಿಯನ್ನೂ ಸಾಕುತ್ತವೆ. ಚಾತಕ ಇವುಗಳ ಗೂಡಿನಲ್ಲಿಡುವ ಮೊಟ್ಟೆಯೂ ಇವುಗಳದರಂತೆ ನೀಲಿ. ಅದನ್ನು ಕಂಡು ದಡ್ಡತನವೆಂದರೂ ತಪ್ಪು. ಇಂಥದೇ ಇನ್ನೊಂದು ಮೋಸ ನೋಡಿ: ಆಫ್ರಿಕದ ಕಲಹಾರಿಯಲ್ಲಿ ಒಂದು ಜಾತಿಯ ಕಾಜಾಣ ಸುಳ್ಳು ಎಚ್ಚರಿಕೆ ಕೂಗಿ ಅಲ್ಲಿನ ಹರಟೆಮಲ್ಲಗಳ ಆಹಾರ ಕದಿಯುತ್ತದೆ. ಕೂಗನ್ನು ನಂಬಿ ಓಡುವುದು ಕೆಲವೊಮ್ಮೆ ನಷ್ಟ, ಆದರೆ ನಂಬದೆ ನಿಂತರೆ ಒಂದು ದಿನ ಜೀವವೇ ಹೋದೀತು.

5. ಅವೂ ನಿಮ್ಮನ್ನು ನೋಡುತ್ತಿರುತ್ತವೆ
2006ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಸಂಶೋಧಕ ಜಾನ್ ಮಾರ್ಜ್‌ಲಫ್ ಮತ್ತು ಸಂಗಡಿಗರು ಮುಖವಾಡ ತೊಟ್ಟು ಕಾಗೆಗಳನ್ನು ಹಿಡಿದು ಬಿಟ್ಟರು. ಆ ಮುಖವಾಡ ಕಂಡಾಗಲೆಲ್ಲ ಕಾಗೆಗಳು ವರ್ಷಗಟ್ಟಲೆ ಬೈದಾಡಿದವು. ಹಾಗಾಗಿ ಗೂಡಿನ ಹತ್ತಿರ ಹೋಗಬೇಡಿ, ಮೊಬೈಲಿನಲ್ಲಿ ಕೂಗು ಹಾಕಿ ಕರೆಯಬೇಡಿ. ದಿನವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕೂರಿ. ಹೆದರಿದ ಹಕ್ಕಿ ತೋರಿಸುವುದು ತನ್ನ ಹೆದರಿಕೆಯನ್ನಷ್ಟೇ.

6. ವರ್ಷಗಳನ್ನು ಕೊಡಿ
ಆಂಥನಿ ಗ್ಯಾಸ್ಟನ್ 1970ರ ದಶಕದಲ್ಲಿ ದೆಹಲಿಯಲ್ಲಿ ಇದೇ ಕಾಡುಹರಟೆಮಲ್ಲಗಳನ್ನು ಅಭ್ಯಾಸ ಮಾಡಿದರು. ಇಸ್ರೇಲಿನ ಮರುಭೂಮಿಯಲ್ಲಿ ಅಮೋಟ್ಸ್ ಜಹಾವಿ ಅಲ್ಲಿನ ಹರಟೆಮಲ್ಲಗಳ ಹಿಂದೆ ದಶಕಗಳನ್ನೇ ಕಳೆದರು. ಕಾವಲು ನಿಲ್ಲುವ ಹಕ್ಕಿಗೆ ಗುಂಪಿನಲ್ಲಿ ಪ್ರತಿಷ್ಠೆ ದಕ್ಕುತ್ತದೆ ಎಂಬುದು ಅವರ ವಾದ, ಒಪ್ಪದವರೂ ಇದ್ದಾರೆ. ಯಾರು ಯಾರ ಮಗು, ಯಾರು ಗುಂಪು ಬಿಟ್ಟರು ಎಂಬುದು ವರ್ಷಗಳ ದಾಖಲೆಯಿಲ್ಲದೆ ತಿಳಿಯದು. ಅದು ತಿಳಿಯದೆ ಇಂಥ ವಾದಗಳು ಇತ್ಯರ್ಥವಾಗವು.

ನಿಮ್ಮ ಹಿತ್ತಲಿಗೂ ಇಂಥದೊಂದು ಗುಂಪು ಬರುತ್ತಿದ್ದರೆ ನಾಳೆಯೇ ಒಂದು ನೋಟ್‌ಬುಕ್ ತೆರೆಯಿರಿ. ಅವು ಮತ್ತೆ ಮತ್ತೆ ಬರಬೇಕಾದರೆ ಬೇಲಿಯ ಪೊದೆ ಕಡಿಯಬೇಡಿ, ತರಗೆಲೆಗೆ ಬೆಂಕಿ ಇಡಬೇಡಿ.