ಅಪ್ಪನ ರೋಲೆಕ್ಸ್ ಮಾರುವ ಮುನ್ನ

ಪ್ರಶ್ನೆ: ನಾನು ಹಲಸೂರಿನವನು, ವಯಸ್ಸು 49. ಬಜಾರ್ ಸ್ಟ್ರೀಟ್ ಹತ್ತಿರ ಸಣ್ಣ ಪ್ರಿಂಟಿಂಗ್ ಅಂಗಡಿ ಇದೆ. ನಮ್ಮ ತಂದೆ ಕುವೈತಿನಲ್ಲಿ ಏರ್ ಕಂಡೀಷನ್ ಕಂಪನಿಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದರು. 1986ರಲ್ಲಿ ಅಲ್ಲೇ ಒಂದು ರೋಲೆಕ್ಸ್ ವಾಚು ಕೊಂಡಿದ್ದರು. ಸ್ಟೀಲು, ಚಿನ್ನ ಎರಡೂ ಇರುವಂಥದ್ದು, ತಾರೀಖಿನ ಮೇಲೆ ಸಣ್ಣ ಭೂತಗನ್ನಡಿ ಇದೆ. 1990ರಲ್ಲಿ ಇರಾಕಿನವರು ನುಗ್ಗಿದಾಗ ಎಲ್ಲ ಬಿಟ್ಟು ಊರಿಗೆ ಬಂದರು. ಕೈಯಲ್ಲಿದ್ದ ವಾಚು ಉಳಿಯಿತು, ಬಿಲ್ಲು, ಪೆಟ್ಟಿಗೆ ಅಲ್ಲೇ ಹೋದವು. ಹೋದ ವರ್ಷ ತಂದೆ ತೀರಿಕೊಂಡರು. ಆಸ್ಪತ್ರೆಯಲ್ಲಿದ್ದಾಗ ವಾಚು ಬಿಚ್ಚಿ ನನ್ನ ಕೈಗೆ ಕೊಟ್ಟಿದ್ದರು.

ಈಗ ಮಗಳ ಇಂಜಿನಿಯರಿಂಗ್ ಫೀಸಿಗೆ ದುಡ್ಡು ಬೇಕಾಗಿದೆ. ಇಂದಿರಾನಗರದಲ್ಲಿ ಹಳೆಯ ದುಬಾರಿ ವಾಚುಗಳನ್ನು ಕೊಂಡು ಮಾರುವ ಅಂಗಡಿಯೊಂದಕ್ಕೆ ಫೋಟೋ ಕಳಿಸಿದೆ. ವಾಟ್ಸ್ಆ್ಯಪ್‌ನಲ್ಲಿ ‘ನಾಲ್ಕು ಲಕ್ಷದವರೆಗೆ ಆಗಬಹುದು’ ಅಂದರು. ಅಂಗಡಿಗೆ ಹೋದಾಗ ‘ಗಾಜು ಪ್ಲಾಸ್ಟಿಕ್ಕು, ಯಾರೋ ಡೂಪ್ಲಿಕೇಟ್ ಹಾಕಿದ್ದಾರೆ, ರೇಡಿಯಂ ಸತ್ತಿದೆ, ಪೇಪರ್ಸ್ ಇಲ್ಲ’ ಎಂದು 2,30,000ಕ್ಕೆ ಇಳಿಸಿದರು. ಮುಂದೆ ರೇಟು ಇನ್ನೂ ಬೀಳುತ್ತದೆ, ಇವತ್ತೇ ಕೊಡಿ ಅಂದರು. ಇನ್ನೊಬ್ಬ ಡೀಲರು ಕಮಿಷನ್ ಮೇಲೆ ಇಟ್ಟುಕೊಂಡು 3,75,000ಕ್ಕೆ ಮಾರಿಕೊಡುತ್ತೇನೆ, ನನಗೆ ಶೇ 15 ಎನ್ನುತ್ತಿದ್ದಾರೆ. ಅಮ್ಮ ಮಾರು ಅನ್ನುತ್ತಾರೆ. ಹೊಸಕೋಟೆಯಲ್ಲಿರುವ ತಂಗಿಗೆ ವಿಷಯ ಹೇಳಿಲ್ಲ. ಮೋಸ ಹೋಗುತ್ತೇನೇನೋ ಎಂಬ ಭಯ ಒಂದು ಕಡೆ, ಅಪ್ಪನ ವಸ್ತು ಮಾರುತ್ತಿದ್ದೇನಲ್ಲಾ ಎಂಬ ಸಂಕಟ ಇನ್ನೊಂದು ಕಡೆ. ದಾರಿ ತೋರಿಸಿ.

— ಹೆಸರು ಬೇಡ, ಹಲಸೂರು

ಉತ್ತರ: ಈ ವಾರ ಇಬ್ಬರಿಗೂ ಕೊಡಬೇಡಿ. ಬೆಲೆ ಎಷ್ಟು ಅಂತ ಕೇಳುವುದಕ್ಕೆ ಮೊದಲು ಕೈಯಲ್ಲಿರುವುದು ಏನು ಅಂತ ನಿಮಗೆ ಗೊತ್ತಿರಬೇಕು. ಈಗ ಅದು ಎದುರಿನವರಿಗೆ ಗೊತ್ತಿದೆ, ನಿಮಗಿಲ್ಲ. ನಿಮ್ಮ ಭಯ ಹುಟ್ಟಿರುವುದೇ ಅಲ್ಲಿ.

ಗಾಜಿನ ವಿಷಯವನ್ನೇ ನೋಡಿ. ನೀವು ಬರೆದಿರುವ ಲಕ್ಷಣಗಳಿಂದ ಅದು ಡೇಟ್‌ಜಸ್ಟ್ ಎಂಬ ಮಾದರಿ ಎನ್ನಿಸುತ್ತದೆ. ರೋಲೆಕ್ಸ್ ಅದನ್ನು 1945ರಿಂದ ಮಾಡುತ್ತಿದೆ. 1986ರಲ್ಲಿ ಮಾರಾಟಕ್ಕಿದ್ದ ಸ್ಟೀಲು-ಚಿನ್ನದ ಗಂಡಸರ ಡೇಟ್‌ಜಸ್ಟ್ ಸಾಮಾನ್ಯವಾಗಿ 16013 ನಂಬರಿನದು, ಅದಕ್ಕೆ ಕಂಪನಿಯೇ ಹಾಕುತ್ತಿದ್ದದ್ದು ಅಕ್ರಿಲಿಕ್ ಗಾಜು, ಅಂದರೆ ಪ್ಲಾಸ್ಟಿಕ್ಕು. ಗೀರು ಬೀಳದ ಸಫೈರ್ ಗಾಜು ಬಂದದ್ದು ಅದರ ನಂತರದ ಮಾದರಿಗೆ. ಹಾಗಾಗಿ ‘ಪ್ಲಾಸ್ಟಿಕ್ಕು, ಆದ್ದರಿಂದ ಡೂಪ್ಲಿಕೇಟ್’ ಎಂಬ ಮಾತು ತಲೆಕೆಳಗು. 16013ರ ಮೇಲೆ ಸಫೈರ್ ಕಂಡಿದ್ದರೆ ಅನುಮಾನಪಡಬೇಕಿತ್ತು. ಆ ಅಂಗಡಿಯವರಿಗೆ ಇದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಿದರೋ ನಾನು ಹೇಳಲಾರೆ. ಎರಡರಲ್ಲಿ ಯಾವುದಾದರೂ ಅವರಿಗೆ ವಾಚು ಒಪ್ಪಿಸಲು ಕಾರಣ ಸಿಗುವುದಿಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕೀ ಕೊಡುವ ಗುಂಡಿಯನ್ನು ತಿರುಗಿಸಿ ಸಡಿಲಿಸಿ, ಒಂದು ಹಂತ ಮಾತ್ರ ಹೊರಗೆಳೆದು ತಿರುಗಿಸಿ. ಮುಳ್ಳು ಅಲ್ಲಾಡದೆ ತಾರೀಖು ಮಾತ್ರ ಬದಲಾದರೆ ಅದು 1977ರ ನಂತರದ ಮಿಷನ್ನಿನ ಗುಣ, ನಿಮ್ಮ ತಂದೆಯವರು ಹೇಳಿದ ಕಾಲಕ್ಕೆ ಹೊಂದುತ್ತದೆ. ವಾಚಿನ ಮುಳ್ಳುಗಳು ರಾತ್ರಿ ಒಂಬತ್ತರಿಂದ ಬೆಳಗಿನ ಮೂರರ ನಡುವೆ ಇದ್ದಾಗ ಈ ಪ್ರಯೋಗ ಬೇಡ, ತಾರೀಖಿನ ಹಲ್ಲುಚಕ್ರಕ್ಕೆ ಪೆಟ್ಟಾಗಬಹುದು. ಆಮೇಲೆ ಭೂತಗನ್ನಡಿ ಹಿಡಿದು ಡಯಲಿನ ತೀರಾ ಕೆಳಗೆ, ಆರರ ಗುರುತಿನ ಅಡಿಯಲ್ಲಿ ಇರುವ ಸಣ್ಣ ಅಕ್ಷರ ಓದಿ. ‘ಸ್ವಿಸ್’ ಎಂಬ ಪದದ ಎರಡೂ ಬದಿಯಲ್ಲಿ ಇಂಗ್ಲಿಷಿನ ‘ಟಿ’ ಅಕ್ಷರ ಇದ್ದರೆ ಅದು ಟ್ರಿಷಿಯಂ ಎಂಬುದರ ಗುರುತು. ನಾವು ರೇಡಿಯಂ ಅನ್ನುತ್ತೇವೆ, ಆ ಕಾಲದ ರೋಲೆಕ್ಸ್‌ಗಳಲ್ಲಿ ಇರುತ್ತಿದ್ದದ್ದು ಟ್ರಿಷಿಯಂ. ಸುಮಾರು ಹನ್ನೆರಡು ವರ್ಷಕ್ಕೊಮ್ಮೆ ಅದರ ಶಕ್ತಿ ಅರ್ಧಕ್ಕಿಳಿಯುತ್ತದೆ. 1986ರದ್ದು ಈಗ ಕತ್ತಲಲ್ಲಿ ಹೊಳೆಯದಿರುವುದೇ ಸಹಜ. ಆ ಚುಕ್ಕೆಗಳು ಕೆನೆಬಣ್ಣಕ್ಕೆ ತಿರುಗಿದ್ದರೆ ಹಳೆಯ ವಾಚಿನ ಮರ್ಮ ಬಲ್ಲವರು ಅದಕ್ಕೆ ಇನ್ನಷ್ಟು ಬೆಲೆ ಕೊಡುತ್ತಾರೆ. ದಯವಿಟ್ಟು ಹೊಸ ರೇಡಿಯಂ ಹಚ್ಚಿಸಬೇಡಿ, ಡಯಲಿಗೆ ಬಣ್ಣ ಹೊಡೆಸಬೇಡಿ, ಪಾಲಿಶ್ ಹಾಕಿಸಬೇಡಿ. ಮಾರುವ ಮುಂಚೆ ಫಳಫಳ ಮಾಡಬೇಕು ಎಂದು ಎಷ್ಟೋ ಜನ ಮೊದಲು ಮಾಡುವ ಕೆಲಸ ಇದೇ. ಪ್ರತಿ ಪಾಲಿಶಿಗೂ ಲೋಹ ಸವೆದು ಅಂಚು ಮೊಂಡಾಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಬಣ್ಣ ಹೊಡೆದು, ಸಿಕ್ಕ ಬಿಡಿಭಾಗ ಸೇರಿಸಿ ಹೊಸದು ಮಾಡಿದ ಹಳೆಯ ವಾಚುಗಳಿಗೆ ಸಂಗ್ರಾಹಕರ ನಡುವೆ ‘ಮುಂಬೈ ಸ್ಪೆಷಲ್’ ಎಂಬ ಹೆಸರೇ ಇದೆ. ನಿಮ್ಮದು ಆ ಪಟ್ಟಿಗೆ ಸೇರುವುದು ಬೇಡ.

ಇಷ್ಟು ನೋಡಿದ ಮೇಲೆ ವಾಚನ್ನು ಬಿಚ್ಚಿಸಿ ನೋಡಬೇಕು. ಹಿಂದಿನ ಮುಚ್ಚಳ ತೆಗೆಯಲು ಅದಕ್ಕೇ ಮಾಡಿದ ಸಾಧನ ಬೇಕು, ಇಕ್ಕಳ ಹಾಕಿ ತಿರುಗಿಸುವವರ ಕೈಗೆ ಕೊಡಬೇಡಿ. ನಮ್ಮದು ವಾಚಿನ ಊರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್ಎಂಟಿ ವಾಚ್ ಕಾರ್ಖಾನೆ ಇಲ್ಲೇ ಶುರುವಾಯಿತು. ಆ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು, ಆದರೆ ಅಲ್ಲಿ ಕೈ ಪಳಗಿಸಿಕೊಂಡವರು, ಅವರಿಂದ ಕಲಿತವರು ಊರಲ್ಲಿದ್ದಾರೆ. ಕೊಳ್ಳುವ ಆಸಕ್ತಿಯಿಲ್ಲದ ಅಂಥ ಒಬ್ಬ ರಿಪೇರಿಗಾರರ ಹತ್ತಿರ ಫೀ ಕೊಟ್ಟು, ನಿಮ್ಮ ಕಣ್ಣೆದುರೇ ತೆರೆಸಿ. ಒಳಗಿನ ಮಿಷನ್ನಿನ ಮೇಲೆ ರೋಲೆಕ್ಸ್ ಹೆಸರು, 3035 ಎಂಬ ಸಂಖ್ಯೆ ಕೆತ್ತಿರಬೇಕು. ಚೈನು ಬಿಚ್ಚಿದರೆ ಕೇಸಿನ ಅಂಚಿನಲ್ಲಿ ಹನ್ನೆರಡರ ಕಡೆ ಮಾದರಿ ನಂಬರು, ಆರರ ಕಡೆ ಸೀರಿಯಲ್ ನಂಬರು ಕಾಣುತ್ತದೆ. ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ. ಸೀರಿಯಲ್ ನಂಬರಿನ ಫೋಟೋವನ್ನು ಮಾತ್ರ ಕಂಡಕಂಡವರಿಗೆ ಕಳಿಸಬೇಡಿ, ನಕಲಿ ಮಾಡುವವರು ಅದನ್ನೇ ಹುಡುಕುತ್ತಿರುತ್ತಾರೆ. ಖರ್ಚಾದರೂ ಪರವಾಗಿಲ್ಲ ಎನ್ನುವುದಾದರೆ ರೋಲೆಕ್ಸಿನ ಅಧಿಕೃತ ಮಾರಾಟಗಾರರ ಮೂಲಕ ಕಂಪನಿ ಸರ್ವಿಸಿಗೆ ಕಳಿಸಬಹುದು. ಎರಡು ವರ್ಷದ ಸರ್ವಿಸ್ ಗ್ಯಾರಂಟಿ ಸಿಗುತ್ತದೆ, ಕೊಳ್ಳುವವರಿಗೆ ಅದಕ್ಕಿಂತ ಧೈರ್ಯ ಬೇರಿಲ್ಲ. ಡಯಲು, ಮುಳ್ಳು ಬದಲಿಸಬಾರದು, ಪಾಲಿಶ್ ಮಾಡಬಾರದು ಎಂದು ಬರಹದಲ್ಲಿ ಕೊಟ್ಟು ಕಳಿಸಿ. ಆ ಷರತ್ತಿಗೆ ಒಪ್ಪದಿದ್ದರೆ ವಾಪಸ್ ತನ್ನಿ.

ಬಿಲ್ಲು, ಪೆಟ್ಟಿಗೆ ಇದ್ದರೆ ಬೆಲೆ ಹೆಚ್ಚು ಬರುವುದು ನಿಜ. ಆದರೆ ಅವು ಇಲ್ಲದ್ದಕ್ಕೆ ನಿಮ್ಮಲ್ಲಿ ಗಟ್ಟಿ ಕಾರಣವಿದೆ. ಆಗ ಕುವೈತಿನಿಂದ ಅಮ್ಮಾನ್ ಮೂಲಕ ವಿಮಾನ ಹತ್ತಿ ಬಂದ ಭಾರತೀಯರು 1,70,000ಕ್ಕೂ ಹೆಚ್ಚು. ಅವರಲ್ಲಿ ವಾಚಿನ ಪೆಟ್ಟಿಗೆ ಹೊತ್ತು ತಂದವರು ಎಷ್ಟು ಜನ ಇದ್ದಾರು? ತಂದೆಯವರ ಆ ಕಾಲದ ಪಾಸ್‌ಪೋರ್ಟಿನಲ್ಲಿ ಕುವೈತ್ ಮುದ್ರೆಗಳಿರುತ್ತವೆ. ವಾಚು ಕಟ್ಟಿಕೊಂಡಿರುವ ಹಳೆಯ ಫೋಟೋ ಯಾವುದಾದರೂ ಮದುವೆ ಆಲ್ಬಮ್ಮಿನಲ್ಲಿ ಸಿಕ್ಕೇ ಸಿಗುತ್ತದೆ. ಬೆಲೆಯನ್ನು ಇವು ಹೆಚ್ಚು ಏರಿಸದಿರಬಹುದು, ಕದ್ದ ಮಾಲಲ್ಲ ಎಂದು ಡೀಲರಿಗೆ ನೆಮ್ಮದಿ ಕೊಡುತ್ತವೆ. ಒಮೆಗಾ, ಪಟೆಕ್ ಫಿಲಿಪ್‌ನಂಥ ಕಂಪನಿಗಳು ತಮ್ಮ ದಫ್ತರದಿಂದ ಹಳೆಯ ವಾಚಿನ ಜನ್ಮಪತ್ರ ತೆಗೆದುಕೊಟ್ಟದ್ದುಂಟು, ರೋಲೆಕ್ಸಿನಲ್ಲಿ ಆ ಪದ್ಧತಿ ಇಲ್ಲ. ಹಾಗೆ ನೋಡಿದರೆ ಕಾಗದವೂ ಪೂರ್ತಿ ಕಾಯುವುದಿಲ್ಲ. 2021ರ ನವೆಂಬರಿನಲ್ಲಿ ಜಿನೀವಾದ ಹರಾಜಿನಲ್ಲಿ ಒಂದು ಹಳೆಯ ಒಮೆಗಾ ಸ್ಪೀಡ್‌ಮಾಸ್ಟರ್ ಮೂವತ್ತು ಲಕ್ಷ ಸ್ವಿಸ್ ಫ್ರಾಂಕಿಗೂ ಮೇಲೆ ಹೋಯಿತು, ಕೊಂಡದ್ದು ಸ್ವತಃ ಒಮೆಗಾ. ಅದು ಬೇರೆ ಬೇರೆ ವಾಚಿನ ಭಾಗ ಜೋಡಿಸಿ ಮಾಡಿದ್ದು, ತನ್ನ ಮಾಜಿ ನೌಕರರ ಕೈವಾಡವೂ ಇದೆ ಎಂದು 2023ರಲ್ಲಿ ಕಂಪನಿಯೇ ಹೇಳಬೇಕಾಯಿತು. ಆದ್ದರಿಂದಲೇ ತಿಳಿದವರು ಕಾಗದ ಓದಿ ಸುಮ್ಮನಾಗುವುದಿಲ್ಲ, ವಾಚು ಬಿಚ್ಚಿ ನೋಡುತ್ತಾರೆ.

ಈಗ ಲೆಕ್ಕ. ವಾಟ್ಸ್ಆ್ಯಪ್‌ನಲ್ಲಿ ಹೇಳಿದ ನಾಲ್ಕು ಲಕ್ಷ ಬೆಲೆಯೇ ಅಲ್ಲ, ನಿಮ್ಮನ್ನು ಅಂಗಡಿಗೆ ಕರೆಸುವ ಮಾತು. ಅದನ್ನು ಮನಸ್ಸಿನಿಂದ ತೆಗೆಯಿರಿ. ಡೀಲರಿನ ಕಡೆಯೂ ನ್ಯಾಯವಿದೆ: ವಾಚನ್ನು ಸರ್ವಿಸ್ ಮಾಡಿಸಬೇಕು, ತನ್ನ ಹೆಸರಲ್ಲಿ ವಾರಂಟಿ ಕೊಡಬೇಕು, ಗಿರಾಕಿ ಬರುವವರೆಗೆ ದುಡ್ಡು ಕಟ್ಟಿಹಾಕಿ ಕೂರಬೇಕು, ಕೊಂಡ ಮತ್ತು ಮಾರಿದ ಬೆಲೆಯ ಅಂತರದ ಮೇಲೆ ಜಿಎಸ್‌ಟಿ ಕಟ್ಟಬೇಕು. ಆದ್ದರಿಂದ ನೇರ ಖರೀದಿಯಲ್ಲಿ ಅಂಗಡಿಯ ಕಿಟಕಿ ಬೆಲೆ ನಿಮಗೆ ಸಿಗುವುದಿಲ್ಲ. ಎರಡನೆಯವರ ಮಾತು ಹಿಡಿದರೆ 3,75,000ದಲ್ಲಿ ಶೇ 15 ಅಂದರೆ 56,250 ಹೋಗಿ ಕೈಗೆ 3,18,750. ಮೊದಲನೆಯವರಿಗಿಂತ ಸುಮಾರು 89,000 ಹೆಚ್ಚು. ಆದರೆ ಅದು ಮಾರಾಟವಾದರೆ ಮಾತ್ರ, ಸರ್ವಿಸ್ ಖರ್ಚು ನಿಮ್ಮ ತಲೆಗೆ ಬರದಿದ್ದರೆ ಮಾತ್ರ.

ಕಮಿಷನ್ ಮೇಲೆ ಬಿಡುವುದಾದರೆ ಬಾಯಿಮಾತು ಸಾಲದು. ಅಂಗಡಿಯ ಜಿಎಸ್‌ಟಿ ನಂಬರಿರುವ ರಸೀದಿಯಲ್ಲಿ ಮಾದರಿ ಮತ್ತು ಸೀರಿಯಲ್ ನಂಬರು, ಈಗಿರುವ ಗೀರು-ಸವೆತದ ವಿವರ, ಎಲ್ಲ ಕಳೆದು ನಿಮ್ಮ ಕೈಗೆ ಬರಬೇಕಾದ ಕನಿಷ್ಠ ಮೊತ್ತ, ಎಷ್ಟು ದಿನದ ಗಡುವು, ಮಾರಿದ ಎಷ್ಟು ದಿನಕ್ಕೆ ಹಣ, ಅಂಗಡಿಯಲ್ಲಿ ಕಳವಾದರೆ ಯಾರ ಇನ್ಶೂರೆನ್ಸು ಎಂಬುದೆಲ್ಲ ಬರಲಿ. ಗಡುವು ಮುಗಿದ ದಿನ ಒಂದು ರೂಪಾಯಿ ಕೊಡದೆ ವಾಚು ವಾಪಸ್ ಪಡೆಯುವ ಹಕ್ಕು ನಿಮಗಿರಬೇಕು. ಇದಿಷ್ಟಕ್ಕೆ ಗೊಣಗುವವರನ್ನು ಬಿಟ್ಟು ಮುಂದೆ ನಡೆಯಿರಿ. ಈ ವ್ಯಾಪಾರ ಈಗ ಮೊದಲಿನಂತೆ ಗುಟ್ಟಿನದ್ದಲ್ಲ. ಎಥೋಸ್ ಕಂಪನಿ ‘ಸೆಕೆಂಡ್ ಮೂವ್‌ಮೆಂಟ್’ ಹೆಸರಿನಲ್ಲಿ ಹಳೆಯ ವಾಚು ಮಾರುತ್ತದೆ, 2022ರ ಕೊನೆಯಲ್ಲಿ ರೋಲೆಕ್ಸೇ ತನ್ನ ಹಳೆಯ ವಾಚುಗಳಿಗೆ ಮುದ್ರೆಯೊತ್ತಿ ಮಾರಿಸುವ ಯೋಜನೆ ತಂದಿತು. ಕನಿಷ್ಠ ಇನ್ನಿಬ್ಬರ ಹತ್ತಿರ ಬೆಲೆ ಕೇಳಿ, ಬರೆದು ಕೊಡಲು ಹೇಳಿ.

ರೇಟು ಬೀಳುತ್ತದೆ ಎಂಬ ಬೆದರಿಕೆಗೆ ಹೆದರಬೇಡಿ. 2022ರ ಮೊದಲ ತಿಂಗಳುಗಳಲ್ಲಿ ಹಳೆಯ ರೋಲೆಕ್ಸ್‌ಗಳ ಬೆಲೆ ಆಕಾಶಕ್ಕೇರಿ ಆಮೇಲೆ ಇಳಿದದ್ದು ನಿಜ. ಸ್ವಿಜರ್ಲೆಂಡೂ ಸೇರಿದ ಇಎಫ್‌ಟಿಎ ದೇಶಗಳೊಂದಿಗಿನ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಾಗಿ, ಸ್ವಿಸ್ ವಾಚಿನ ಆಮದು ಸುಂಕ ಹಂತಹಂತವಾಗಿ ಇಳಿಯುತ್ತಿರುವುದೂ ನಿಜ. ಇವೆಲ್ಲ ವರ್ಷಗಳ ಲೆಕ್ಕದಲ್ಲಿ ನಡೆಯುವ ಸಂಗತಿ. ‘ಇವತ್ತೇ ಕೊಡಿ’ ಎನ್ನುವುದಕ್ಕೆ ಇವುಗಳಲ್ಲಿ ಒಂದೂ ಕಾರಣವಾಗುವುದಿಲ್ಲ.

ಹಣ ಬ್ಯಾಂಕ್ ಖಾತೆಗೇ ಬರಲಿ. ಎರಡು ಲಕ್ಷ ಅಥವಾ ಅದಕ್ಕೂ ಮೇಲಿನ ಮೊತ್ತವನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ, ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳುವುದು ಪಡೆದವರಿಗೆ, ಅಂದರೆ ನಿಮಗೆ. ಮೊಬೈಲಿನಲ್ಲಿ ತೋರಿಸುವ ಸ್ಕ್ರೀನ್‌ಶಾಟ್ ನಂಬಬೇಡಿ, ಖಾತೆಯಲ್ಲಿ ಜಮಾ ಆದದ್ದನ್ನು ನೀವೇ ನೋಡಿದ ಮೇಲೆ ವಾಚು ಕೈಬಿಡಿ. ವಾಚಿನಲ್ಲಿ ಚಿನ್ನ ಇರುವುದರಿಂದ ತೆರಿಗೆಯ ಪ್ರಶ್ನೆ ಏಳಬಹುದು, ನಿಮ್ಮ ಅಂಗಡಿಯ ಲೆಕ್ಕ ನೋಡುವ ಆಡಿಟರನ್ನು ಮೊದಲೇ ಒಂದು ಮಾತು ಕೇಳಿ.

ಇನ್ನು ತಂಗಿ. ಇಲ್ಲಿ ನಿಮ್ಮ ಜೊತೆ ಸ್ವಲ್ಪ ಖಡಾಖಂಡಿತವಾಗಿ ಮಾತಾಡುತ್ತೇನೆ. ತಂದೆ ಬದುಕಿದ್ದಾಗ ‘ಇದು ನಿನಗೆ’ ಎಂದು ಕೈಗಿತ್ತಿದ್ದರೆ ಅದು ದಾನ, ಇಂಥ ವಸ್ತುವಿಗೆ ರಿಜಿಸ್ಟ್ರೇಷನ್ ಬೇಕಿಲ್ಲ. ಆದರೆ ಆಸ್ಪತ್ರೆಯಲ್ಲಿ ಬಿಚ್ಚಿ ಕೊಟ್ಟದ್ದು ಜೋಪಾನ ಮಾಡಲೆಂದೋ, ಇಟ್ಟುಕೊಳ್ಳಲೆಂದೋ? ಅದು ನಿಮಗೊಬ್ಬರಿಗೇ ಗೊತ್ತು. ಜೋಪಾನಕ್ಕಾದರೆ, ಉಯಿಲು ಇಲ್ಲದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಾಯಿ, ನೀವು, ತಂಗಿ ಮೂವರಿಗೂ ಸಮಪಾಲು. ಕಾನೂನನ್ನು ಪಕ್ಕಕ್ಕಿಟ್ಟರೂ, ಅಪ್ಪನ ವಾಚು ಎಲ್ಲಿ ಎಂದು ಮುಂದಿನ ಹಬ್ಬಕ್ಕೆ ಬಂದ ತಂಗಿ ಕೇಳಿದಾಗ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಫೋನು ಸಾಲದು, ಹೊಸಕೋಟೆಗೆ ಹೋಗಿ ಕೂತು ಹೇಳಿ, ಮಗಳ ಫೀಸಿನ ವಿಷಯವನ್ನೂ ಮುಚ್ಚಿಡಬೇಡಿ. ಅವಳು ಒಪ್ಪಿದರೆ ಅಮ್ಮ ಮತ್ತು ತಂಗಿಯ ಸಹಿ ಇರುವ ಒಂದು ಒಪ್ಪಿಗೆ ಪತ್ರ ಮಾಡಿಸಿ. ‘ನನಗೇ ಕೊಡು, ದುಡ್ಡು ನಿಧಾನವಾಗಿ ಕೊಡುತ್ತೇನೆ’ ಎಂದರೂ ಅಂದಾಳು. ಅದಕ್ಕೂ ಮನಸ್ಸು ತೆರೆದಿಟ್ಟುಕೊಳ್ಳಿ.

ಮಾರುವುದು ಅಪ್ಪನಿಗೆ ಮಾಡುವ ದ್ರೋಹ ಎಂದು ನನಗೆ ಅನ್ನಿಸುವುದಿಲ್ಲ. ಆ ಕಾಲದಲ್ಲಿ ಗಲ್ಫಿಗೆ ದುಡಿಯಲು ಹೋದವರು ಚಿನ್ನ, ವಾಚು ಕೊಂಡದ್ದು ಶೋಕಿಗೆ ಮಾತ್ರವಲ್ಲ, ಎಲ್ಲಿ ಬೇಕಾದರೂ ಮೈಮೇಲೆ ಹೊತ್ತೊಯ್ಯಬಹುದಾದ ಉಳಿತಾಯ ಅದು. ಯುದ್ಧದ ನಡುವಿನಿಂದ ಅವರು ಅದನ್ನು ಮನೆಗೆ ತಲುಪಿಸಿದರು. ಮೊಮ್ಮಗಳ ಓದಿಗೆ ಅದು ಒದಗುವುದಾದರೆ ಆ ದುಡಿಮೆ ಸೇರಬೇಕಾದಲ್ಲಿಗೇ ಸೇರಿತು.

ಆದರೆ ಫೀಸಿನ ಗಡುವು ಕುತ್ತಿಗೆಯ ಮೇಲೆ ಕೂತಿರುವಾಗ ಯಾರ ಹತ್ತಿರವೂ ಒಳ್ಳೆಯ ಬೆಲೆ ಹುಟ್ಟುವುದಿಲ್ಲ. ನಾಳೆಯೇ ಕಾಲೇಜಿಗೆ ಹೋಗಿ ಕಂತಿನಲ್ಲಿ ಕಟ್ಟಲು ಅವಕಾಶ ಕೇಳಿ. ಜೊತೆಗೆ ಶಿಕ್ಷಣ ಸಾಲಕ್ಕೆ ಅರ್ಜಿ ಹಾಕಿ. ಸರ್ಕಾರದ ಖಾತರಿ ಯೋಜನೆಯಡಿ ಬ್ಯಾಂಕುಗಳು 7.5 ಲಕ್ಷದವರೆಗೆ ಅಡಮಾನ ಕೇಳದೆ ಕೊಡಬಹುದು, ವಿದ್ಯಾಲಕ್ಷ್ಮಿ ಪೋರ್ಟಲಿನಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ಸಾಲ ಮಂಜೂರಾದರೆ ವಾಚು ಮಾರಲು ಮೂರು ತಿಂಗಳು ಬಿಡುವು ಸಿಗುತ್ತದೆ, ಪ್ರಾಯಶಃ ಮಾರುವ ಅಗತ್ಯವೇ ಬೀಳದಿರಬಹುದು. ಅಲ್ಲಿಯವರೆಗೆ ವಾಚು ಬ್ಯಾಂಕ್ ಲಾಕರಿನಲ್ಲಿರಲಿ. ಡೀಲರುಗಳು ತಂದೆಯವರ ಪಾಸ್‌ಪೋರ್ಟ್ ಕೇಳಿದರೆ ಜೆರಾಕ್ಸ್ ಕೊಡಿ, ಮೂಲ ಪ್ರತಿ ನಿಮ್ಮ ಮನೆಯಲ್ಲೇ ಇರಲಿ.