ಸವೆದ ಕಲ್ಲುನೆಲದ ಜೀರ್ಣೋದ್ಧಾರ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು, ತಮ್ಮ ಹಿರಿಯರ ಮನೆಯ ಹಾಸುಗಲ್ಲಿನ ನೆಲವು ಮಂಕಾಗಿ, ಗೀರುಬಿದ್ದು, ಅಲ್ಲಲ್ಲಿ ತಗ್ಗಾಗಿರುವುದರಿಂದ ಅದನ್ನು ಕೀಳಿಸಿ ಹೊಸ ಟೈಲ್ಸ್ ಹಾಕಿಸಬೇಕೆಂದಿರುವುದಾಗಿ ತಿಳಿಸಿ, ನನ್ನ ಅಭಿಪ್ರಾಯವನ್ನು ಕೇಳಿರುವುದುಂಟು. ಕೀಳಿಸುವುದಕ್ಕೆ ಮುಂಚೆ ಈ ಪಾಠವನ್ನೊಮ್ಮೆ ಓದಬೇಕೆಂದು ಅವರನ್ನೂ ಪೋಷಕರನ್ನೂ ಕೋರುತ್ತೇನೆ. ಒಂದೆರಡು ಅಂಗುಲ ದಪ್ಪದ ಹಾಸುಗಲ್ಲಿನಲ್ಲಿ ಒಂದು ತಲೆಮಾರಿನ ನಡೆದಾಟವು ಕೆಡಿಸುವುದು ತೆಳುವಾದ ಮೇಲ್ಪದರವನ್ನು ಮಾತ್ರವೇ. ಅದರ ಕೆಳಗಿನ ಕಲ್ಲು ಗಣಿಯಿಂದ ಬಂದ ದಿನದಂತೆಯೇ ಇರುತ್ತದೆ. ಅದನ್ನು ಮತ್ತೆ ಬೆಳಕಿಗೆ ತರುವುದೇ ಜೀರ್ಣೋದ್ಧಾರ.

ಮೊದಲು ತಿಳಿಯತಕ್ಕದ್ದು ಕಲ್ಲಿನ ಜಾತಿ. ನಮ್ಮ ನಾಡಿನ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಬಹಳವಾಗಿ ಕಾಣುವ ಶಹಾಬಾದಿ ಕಲ್ಲು ಕಲಬುರಗಿ ಜಿಲ್ಲೆಯ ಶಹಾಬಾದಿನ ಸುತ್ತಣ ಗಣಿಗಳದು. ಅದು ಅತಿ ಪುರಾತನ ಕಾಲದಲ್ಲಿ ನೀರಿನ ತಳದಲ್ಲಿ ಪದರಪದರವಾಗಿ ಕೂಡಿಬಂದ ಸುಣ್ಣಗಲ್ಲು. ಆದುದರಿಂದಲೇ ಅದು ಹಲಗೆಯಂತೆ ಸೀಳಿ ಬರುತ್ತದೆ. ಕಡಪದ ಕರಿಯ ಕಲ್ಲೂ ಸುಣ್ಣಗಲ್ಲೇ. ರಾಜಸ್ಥಾನದ ಮಕ್ರಾನದಿಂದ ಬರುವ ಅಮೃತಶಿಲೆಯಾದರೋ ಭೂಗರ್ಭದ ಕಾವು ಒತ್ತಡಗಳಿಂದ ಮಾರ್ಪಟ್ಟ ಸುಣ್ಣಗಲ್ಲು. ಬೆಂಗಳೂರು ಸೀಮೆಯ ಹಳೆಯ ಜಗಲಿಗಳ ಚಪ್ಪಡಿಗಳು ಇವುಗಳ ಕುಲದವಲ್ಲ. ಅವು ಗ್ರಾನೈಟ್ ವರ್ಗದವು, ಬಹು ಕಠಿಣವಾದವು. ಸಂದೇಹವಿದ್ದರೆ ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಒಂದು ತೊಟ್ಟು ನಿಂಬೆರಸವನ್ನು ಬಿಟ್ಟು ನೋಡಬಹುದು. ಸುಣ್ಣದ ಅಂಶವುಳ್ಳ ಕಲ್ಲಾದರೆ ಸಣ್ಣ ಗುಳ್ಳೆಗಳೆದ್ದು, ಒರಸಿದ ಮೇಲೆ ಮಂಕಾದ ಚುಕ್ಕೆ ಉಳಿಯುತ್ತದೆ. ಗ್ರಾನೈಟಿನ ಮೇಲೆ ಏನೂ ಆಗದು.

ಈ ಚಿಕ್ಕ ಪರೀಕ್ಷೆಯು ನೆಲ ಕೆಡುವ ಕಾರಣವನ್ನೂ ಹೇಳುತ್ತದೆ. ಹುಳಿ ಪದಾರ್ಥವೆಲ್ಲವೂ ಸುಣ್ಣಗಲ್ಲಿಗೆ ಶತ್ರು. ಹುಣಿಸೆಹಣ್ಣಿನಿಂದ ಹಿತ್ತಾಳೆ ಪಾತ್ರೆ ಬೆಳಗಿದ ನೀರನ್ನೇ ನೆಲಕ್ಕೂ ಬಳಸುವವರುಂಟು. ಕಕ್ಕಸು ತೊಳೆಯುವ ಆಸಿಡ್ಡನ್ನು ನಡುಮನೆಗೆ ಸುರಿಯುವವರೂ ಉಂಟು. ಆಗ ಕೊಳೆಯೊಡನೆ ಕಲ್ಲಿನ ಮೈಯೂ ಕರಗಿ, ನೆಲವು ಬೆಳ್ಳಗಾಯಿತೆಂಬ ಭ್ರಮೆಯುಂಟಾಗುತ್ತದೆ. ಉಪ್ಪಿನಕಾಯಿ ಭರಣಿ ಇಟ್ಟಿದ್ದ ಕಡೆ ಕಾಣುವ ಬಿಳಿಯ ಬಳೆ ಕಲೆಯಲ್ಲ, ಗಾಯ. ಎಷ್ಟು ಸೋಡ ಹಾಕಿ ತಿಕ್ಕಿದರೂ ಅದು ಹೋಗದು, ಕಲ್ಲನ್ನೇ ಉಜ್ಜಬೇಕು.

ಎರಡನೆಯ ಶತ್ರು ಮರಳು. ಮೋಸ್ ಎಂಬ ಜರ್ಮನ್ ಖನಿಜಶಾಸ್ತ್ರಜ್ಞರು 1812ರಲ್ಲಿ ಖನಿಜಗಳ ಕಾಠಿಣ್ಯವನ್ನು 1ರಿಂದ 10ರ ವರೆಗೆ ಕ್ರಮಪಡಿಸಿದರು. ಅದರಲ್ಲಿ ಸುಣ್ಣಗಲ್ಲಿನ ಮುಖ್ಯ ಖನಿಜಕ್ಕೆ 3, ಮರಳಿನಲ್ಲಿರುವ ಬೆಣಚುಕಲ್ಲಿಗೆ 7. ಹೀಗಿರಲು ಮಕ್ಕಳ ಕಾಲಿಗಂಟಿ ಬರುವ ಮರಳೇ ದಿನವೂ ನೆಲವನ್ನು ಗೀರುತ್ತದೆ. ಬಾಗಿಲ ಬಳಿಯ ಕಲ್ಲು ಮೊದಲು ಸವೆಯುವುದು ಇದಕ್ಕೇ.

ಇನ್ನು ಕೆಲಸದ ಕ್ರಮ. ಪ್ರತಿಯೊಂದು ಕಲ್ಲನ್ನೂ ಕಟ್ಟಿಗೆಯಿಂದ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದರೆ ಅಡಿಯ ಗಾರೆ ಬಿಟ್ಟಿದೆಯೆಂದು ತಿಳಿದು, ಅದನ್ನು ಎತ್ತಿ ಮತ್ತೆ ಕೂರಿಸಬೇಕು. ಸಂದುಗಳ ಕೊಳೆಯನ್ನು ಕೆರೆದು, ಕಲ್ಲಿನ ಬಣ್ಣಕ್ಕೆ ಹೊಂದುವ ಗಾರೆಯನ್ನು ತುಂಬಿ, ಒಂದು ವಾರದಷ್ಟು ಕಾಲ ತೇವವಾಗಿಟ್ಟು ಗಟ್ಟಿಯಾಗಗೊಡಬೇಕು. ಅನಂತರವೇ ಉಜ್ಜುವುದು. ಇದಕ್ಕೆ ಕಾರ್ಬೊರಂಡಮ್ ಸಾಣೆಕಲ್ಲುಗಳನ್ನಾಗಲಿ ವಜ್ರದ ಪುಡಿ ಕೂಡಿಸಿದ ಬಿಲ್ಲೆಗಳನ್ನಾಗಲಿ ಯಂತ್ರಕ್ಕೆ ಜೋಡಿಸುತ್ತಾರೆ. ಇವುಗಳಿಗೆ ಸಂಖ್ಯೆಗಳಿವೆ, ಸಂಖ್ಯೆ ಚಿಕ್ಕದಾದಷ್ಟೂ ಕಣ ದೊಡ್ಡದು. 60ರಿಂದ ಆರಂಭಿಸಿ 120, 220, 400, 800 ಎಂದು ಮೇಲೇರಬೇಕು. 60ರ ಗೀರನ್ನು 120 ತೆಗೆಯುತ್ತದೆ, 120ರದನ್ನು 220. ನಡುವೆ ಒಂದನ್ನು ಬಿಟ್ಟರೆ ಹಿಂದಿನ ಗೀರು ಹಾಗೆಯೇ ಉಳಿದು, ಕೆಲಸವೆಲ್ಲ ಮುಗಿದ ಮೇಲೆ ಸಂಜೆಯ ಓರೆ ಬಿಸಿಲಿನಲ್ಲಿ ಸುತ್ತುಸುತ್ತಾಗಿ ಕಾಣಿಸಿಕೊಳ್ಳುತ್ತದೆ. ತಗ್ಗು ಇಲ್ಲದ, ಬರಿಯ ಮಂಕಾದ ನೆಲಕ್ಕೆ 60 ಬೇಕಿಲ್ಲ, 220ರಿಂದಲೇ ತೊಡಗಬಹುದು. ಒಂದೊಂದು ಸಂಖ್ಯೆ ಮುಗಿದಾಗಲೂ ನೆಲವನ್ನು ಚೆನ್ನಾಗಿ ತೊಳೆದುಬಿಡಬೇಕು, ಹಿಂದಿನ ದಪ್ಪ ಕಣವೊಂದು ಉಳಿದರೂ ಹೊಸ ಗೀರು ಬೀಳುತ್ತದೆ. ಉಜ್ಜಿದ ಕೆಸರನ್ನು ಮೋರಿಗೆ ಬಿಡಲಾಗದು. ಅದು ಕೆಳಗಿಳಿದು ಗಟ್ಟಿಕೊಂಡು ನೀರಿನ ದಾರಿಯನ್ನೇ ಕಟ್ಟುತ್ತದೆ. ಅಮೃತಶಿಲೆಗೆ ಕಡೆಯಲ್ಲಿ ಆಕ್ಸಾಲಿಕ್ ಆಮ್ಲದ ಪುಡಿ ಹಾಕಿ ಹೊಳಪೇರಿಸುವ ರೂಢಿಯಿದೆ. ಅದು ವಿಷ, ಆ ದಿನ ಮಕ್ಕಳನ್ನು ದೂರವಿಡುವುದು ಯುಕ್ತ.

ನಾನು ಒತ್ತಿ ಹೇಳಬೇಕಾದ ಮಾತೊಂದಿದೆ. ಉಜ್ಜುವ ಕೆಲಸವೆಲ್ಲ ನೀರು ಹರಿಸಿಯೇ ನಡೆಯಬೇಕು. ನೀರಿನ ತೊಂದರೆಯಿದೆ, ಒಣದಾಗಿ ಮಾಡಿದರೆ ಬೇಗನೆ ಮುಗಿಯುತ್ತದೆ, ಕೂಲಿಯೂ ಕಡಿಮೆ ಎಂದು ಗುತ್ತಿಗೆದಾರರು ಹೇಳಿಯಾರು, ಒಪ್ಪಬಾರದು. ಗ್ರಾನೈಟ್ ಮೊದಲಾದ ಕಲ್ಲುಗಳ ಒಣ ಧೂಳಿನಲ್ಲಿರುವ ಬೆಣಚಿನ ಸೂಕ್ಷ್ಮ ಕಣಗಳು ಶ್ವಾಸಕೋಶದಲ್ಲಿ ನೆಟ್ಟು ಸಿಲಿಕೋಸಿಸ್ ಎಂಬ ರೋಗವನ್ನು ತರುತ್ತವೆ. ಅದನ್ನು ಗುಣಪಡಿಸುವ ಔಷಧವಿಲ್ಲ. ಮಧ್ಯಪ್ರದೇಶದ ಮಂದಸೌರಿನಲ್ಲಿ ಶಾಲಾಮಕ್ಕಳ ಸ್ಲೇಟು ಕಡ್ಡಿಗಳನ್ನು ಕೊಯ್ಯುತ್ತಿದ್ದ ಕೆಲಸಗಾರರು ಇದೇ ರೋಗದಿಂದ ಅಕಾಲದಲ್ಲಿ ಸತ್ತರು. ನಾವು ಅಕ್ಷರ ತಿದ್ದಿದ ಕಡ್ಡಿಯ ಹಿಂದೆ ಅಂತಹ ಉಸಿರುಗಳಿದ್ದುವೆಂಬುದನ್ನು ಓದು ಬಲ್ಲ ಹೆಣ್ಣುಮಕ್ಕಳು ಅರಿತಿರಬೇಕು. ಸುಣ್ಣಗಲ್ಲಿನಲ್ಲಿ ಬೆಣಚು ಕಡಿಮೆಯಾದರೂ ಅದರ ಧೂಳೂ ಒಳ್ಳೆಯದಲ್ಲ. ನೀರು ಹರಿಸುವುದರೊಡನೆ ಮುಖಕ್ಕೆ ತಕ್ಕ ಮುಸುಕನ್ನೂ ಒದಗಿಸಬೇಕು; ಬರಿಯ ಕರವಸ್ತ್ರ ಸಾಲದು. ಈ ವೆಚ್ಚವು ಮನೆಯವರದೇ.

ಹೊಳಪು ಎಷ್ಟಿರಬೇಕು? ಕನ್ನಡಿಯಂತೆ ಮಾಡಿಸುವ ಹಂಬಲವು ಬಹುಮಂದಿಗೆ. ಅಜ್ಜಿ ಓಡಾಡುವ ಪಡಸಾಲೆಗೂ ಬಚ್ಚಲ ಮುಂದಿನ ಜಾಗಕ್ಕೂ ಅದು ಸಲ್ಲದು. ಒದ್ದೆಯಾದಾಗ ಜಾರಿ ಬಿದ್ದು ಸೊಂಟ ಮುರಿಯುವ ಭಯವಿದೆ. ಅಲ್ಲಿ 220ಕ್ಕೆ ನಿಲ್ಲಿಸುವುದು ಒಳ್ಳೆಯದು. ಹೊಸ್ತಿಲ ಬಳಿಯ ಆಳವಾದ ತಗ್ಗನ್ನು ಸಮಮಾಡಲು ಕೋಣೆಯ ಕಲ್ಲುಗಳನ್ನೆಲ್ಲ ಇಳಿಸಬೇಕಾಗುತ್ತದೆ. ಕಾಲು ಎಡವದಿದ್ದರೆ ಅದನ್ನು ಹಾಗೆಯೇ ಬಿಡಬಹುದು. ನನಗಂತೂ ಅದು ಅಂದವಾಗಿಯೇ ಕಾಣುತ್ತದೆ. ಕಡಪ ಕಲ್ಲಿಗೆ ತೆಂಗಿನೆಣ್ಣೆ ಹಚ್ಚಿದರೆ ಎರಡು ದಿನ ಕಪ್ಪಗೆ ಹೊಳೆದು, ಬಳಿಕ ಧೂಳು ಹಿಡಿದು ಅಂಟಾಗುತ್ತದೆ. ನೆಲದಿಂದ ತೇವ ಏರುವ ಹಳೆಯ ಮನೆಗಳಲ್ಲಿ ವಾರ್ನಿಷ್ ಬಳಿಯಲೇಬಾರದು. ಮುಚ್ಚಿಹೋದ ತೇವವು ಉಪ್ಪನ್ನು ಹೊತ್ತು ತಂದು ಕಲ್ಲಿನ ಮೈಯನ್ನು ಹೊಪ್ಪಳಿಕೆಯಾಗಿ ಏಳಿಸುತ್ತದೆ.

ಮುಂದೆ ದಿನನಿತ್ಯಕ್ಕೆ ಬೇಕಾದುದು ಬಾಗಿಲ ಹೊರಗೊಂದು ಒರಟು ನಾರಿನ ಚಾಪೆ, ಮೆತ್ತನೆಯ ಪೊರಕೆ, ಎರಡು ಬಕೀಟು ಶುದ್ಧ ನೀರು. ಮೊದಲನೆಯದರಲ್ಲಿ ಒರಸುವ ಬಟ್ಟೆಯನ್ನು ತೊಳೆದು, ಎರಡನೆಯದರಲ್ಲಿ ಅದ್ದಿ ಹಿಂಡಿ ಒರಸಬೇಕು, ಗುಡಿಸದೆ ಒರಸಬಾರದು.